ದೊಡ್ಡವಳಿಗೆ ಇನ್ನೂ ಒಂಬತ್ತು ತುಂಬಿಲ್ಲ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಮನೆಯ ಜಗಲಿ. ಜೂನ್ ತಿಂಗಳ ಮೊದಲ ಭಾನುವಾರ. ನೆಲದ ತುಂಬ ಹೊಸ ಪುಸ್ತಕ, ಖಾಕಿ ಕಾಗದ, ಕತ್ತರಿ, ಗೋಂದು. ಮಾತಾಡುವವರು ಅಕ್ಕ ಮತ್ತು ತಮ್ಮ. ಅಕ್ಕ ಪಕ್ಕದ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರು. ತಮ್ಮನಿಗೆ ಎರಡು ಎಕರೆ ತೋಟ, ಎರಡು ಹಸು, ಎರಡು ಮಕ್ಕಳು; ಹೆಂಡತಿಗೆ ಪೇಟೆಯಲ್ಲಿ ಕೆಲಸ. ಮಕ್ಕಳು ಹಿತ್ತಲಲ್ಲಿದ್ದಾರೆ. ಅವರ ದನಿ ಆಗಾಗ ಕೇಳುತ್ತದೆ, ಒಬ್ಬಳದ್ದು ಜೋರು, ಇನ್ನೊಬ್ಬನದ್ದು ಇನ್ನೂ ಜೋರು.

ತಮ್ಮ: ಬೆಳಗ್ಗೆಯಿಂದ ಒಂದೇ ಜಗಳ ಅಕ್ಕ. ನಾಲ್ಕನೇ ಕ್ಲಾಸು ಅಂತ ಅವಳಿಗೆ ಕನ್ನಡ, ಗಣಿತ, ಪರಿಸರ ಅಧ್ಯಯನ, ಇಂಗ್ಲಿಷ್ ಎಲ್ಲಾ ದಪ್ಪ ದಪ್ಪ ಬಂದಿದೆ. ಇವನದ್ದು ಎರಡನೇ ಕ್ಲಾಸು, ತೆಳ್ಳಗಿನ ಅಭ್ಯಾಸ ಪುಸ್ತಕ. ನಂಗೂ ದಪ್ಪದ್ದೇ ಬೇಕು ಅಂತ ಕೂತುಬಿಟ್ಟ.

ಅಕ್ಕ: ಎಂತ ಮಾಡಿದೆ?

ತಮ್ಮ: ಹೋದ ವರ್ಷದ ಪಂಚಾಂಗಕ್ಕೆ ಒಂದು ಬೈಂಡ್ ಹಾಕಿ ಕೊಟ್ಟೆ. ಲೇಬಲ್ ಅಂಟಿಸಿ ಹೆಸರು ಬರೆದ ಮೇಲೆ ಸುಮ್ಮನಾದ. ಈಗ ಅದು ಅವನ ಬ್ಯಾಗಿನಲ್ಲೇ ಇದೆ.

ಅಕ್ಕ: ಒಂದು, ಎರಡನೇ ಕ್ಲಾಸಿನ ಬ್ಯಾಗು ಎರಡು ಕಿಲೋ ಮೀರಬಾರದು ಅಂತ 2019ರಲ್ಲೇ ಇಲಾಖೆ ಸುತ್ತೋಲೆ ಕಳಿಸಿದೆ. ಪಂಚಾಂಗ ಇಟ್ಟುಕೊಂಡು ಬಂದರೆ ಎಂತ ಮಾಡಬೇಕು ಅಂತ ಅದರಲ್ಲಿ ಇಲ್ಲ. ಆ ಕಾಗದ ಇತ್ತ ಕೊಡು, ನೀನು ಮೂಲೆ ಮಡಿಸೋದು ನೋಡೋಕ್ಕಾಗಲ್ಲ.

ತಮ್ಮ: ತಗೋ. ನಿನ್ನ ಹತ್ತಿರ ಬೇರೆ ವಿಷಯ ಮಾತಾಡೋದಿತ್ತು. ಹೋದ ವರ್ಷ ಇಬ್ಬರೂ ಒಂದೇ ರೂಮಲ್ಲಿದ್ರಲ್ಲ, ನಲಿ-ಕಲಿ. ಒಂದು, ಎರಡು, ಮೂರು ಒಟ್ಟಿಗೆ. ಈ ವರ್ಷ ಅವಳು ನಾಲ್ಕಕ್ಕೆ ಹೋದಳು, ಪಕ್ಕದ ರೂಮು, ಬೆಂಚು. ಇವನು ಅಲ್ಲೇ ಉಳಿದ. ಶಾಲೆ ಶುರುವಾದ ದಿನವೇ ಬಾಗಿಲಲ್ಲಿ ನಿಂತು ಅತ್ತನಂತೆ. ಟೀಚರು ಫೋನ್ ಮಾಡಿದ್ರು. ಅಕ್ಕ ಇಲ್ಲದೆ ಇವನು ಹೆಂಗೆ ಕಲೀತಾನೆ ಅಂತ ನಮಗೆ ಅದೇ ಯೋಚನೆ.

ಅಕ್ಕ: ಅವಳು?

ತಮ್ಮ: ಅವಳಿಗೆಂತ? ಅವಳು ಆರಾಮಾಗಿ ಹೋಗಿ ಕೂತಳು. ತಿರುಗಿ ಸಹ ನೋಡ್ಲಿಲ್ಲ ಅಂದ್ರು ಟೀಚರು. ನಂಗೆ ಅದೇ ಸ್ವಲ್ಪ ಬೇಜಾರಾಯ್ತು. ತಮ್ಮ ಅಳ್ತಾ ನಿಂತಿದ್ದಾನೆ, ಒಂದು ಮಾತು ಆಡಿಸಬಾರದಾ?

ಅಕ್ಕ: ನಂಗೆ ಅದೇ ಖುಷಿ ಆಯ್ತು ನೋಡು.

ತಮ್ಮ: ಇದೆಂಥ ಮಾತು ಮಾರಾಯ್ತಿ?

ಅಕ್ಕ: ಹೇಳ್ತೀನಿ. ಮೊದಲು ಆ ರೂಮಿನ ವಿಚಾರ ತಿಳ್ಕೊ. ಅಲ್ಲಿ ಒಂದನೇ ಕ್ಲಾಸಿನವರು ಈ ಸಾಲು, ಎರಡನೇ ಕ್ಲಾಸಿನವರು ಆ ಸಾಲು ಅಂತ ಇಲ್ಲ. ನೆಲದಲ್ಲಿ ಐದು ಗುಂಪು. ನಾವು ತಟ್ಟೆ ಅಂತೀವಿ. ಮೊದಲನೇ ತಟ್ಟೆಯಲ್ಲಿ ಟೀಚರು ಪೂರ್ತಿ ಜತೆಗಿದ್ದು ಕಲಿಸಬೇಕು, ಎರಡನೇದರಲ್ಲಿ ಅರ್ಧಂಬರ್ಧ ಸಹಾಯ. ಮೂರರಲ್ಲಿ ಜತೆಯ ಮಕ್ಕಳು ಪೂರ್ತಿ ಸಹಾಯ ಮಾಡ್ತಾರೆ, ನಾಲ್ಕರಲ್ಲಿ ಸ್ವಲ್ಪ. ಐದರಲ್ಲಿ ಮಗು ತಾನೇ ಮಾಡಬೇಕು. ಗೋಡೆಗೆ ಕಲಿಕಾ ಏಣಿ ಇರುತ್ತೆ. ತಾನು ಯಾವ ಮೆಟ್ಟಿಲಲ್ಲಿದ್ದೀನಿ ಅಂತ ನೋಡಿ, ಅದರ ಚಿತ್ರ ಇರೋ ಕಾರ್ಡು ಹುಡುಕಿ ತಂದು, ತಟ್ಟೆಯಲ್ಲಿ ಕೂತ್ಕೋಬೇಕು. ಒಂದೇ ಕ್ಲಾಸಿನ ಇಬ್ಬರು ಒಂದೇ ಮೆಟ್ಟಿಲಲ್ಲಿರಬೇಕು ಅಂತಿಲ್ಲ. ಜ್ವರ ಬಂದು ವಾರ ಮಲಗಿದ ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹತ್ತುತ್ತೆ.

ತಮ್ಮ: ಇದನ್ನ ಯಾರು ಮಾಡಿದ್ದು, ಬೆಂಗಳೂರಿನವರಾ?

ಅಕ್ಕ: ಅಲ್ಲ ಮಾರಾಯ. ಎಚ್.ಡಿ. ಕೋಟೆಯ ಮೇಷ್ಟ್ರುಗಳು, ನಮ್ಮಂಥವರೇ. 1995ರಲ್ಲಿ. ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿ ಹಳ್ಳಿ ಮಕ್ಕಳಿಗೆ ಹೆಂಗೆ ಕಲಿಸ್ತಾರೆ ಅಂತ ನೋಡಿಕೊಂಡು ಬಂದು, ಯುನಿಸೆಫ್ ನೆರವಿನಲ್ಲಿ ನಮ್ಮ ಭಾಷೆಗೆ ತಕ್ಕ ಹಾಗೆ ಕಾರ್ಡು ಬರೆದರು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಆಗ ನಂಗೆ ತರಬೇತಿ ಆಗಿದ್ದು. ಮೊದಲ ವರ್ಷ ತಲೆ ಕೆಟ್ಟುಹೋಗಿತ್ತು, ಸಂತೆಯಲ್ಲಿ ಪಾಠ ಮಾಡಿದಂಗೆ. ಅ ಆ ಇ ಈ ಬಿಟ್ಟು ರ ಗ ಸ ದ ಅ ಅಂತ ಶುರು ಮಾಡಬೇಕಲ್ಲ.

ತಮ್ಮ: ಅದೊಂದು ಈ ಮನೆಯಲ್ಲಿ ದೊಡ್ಡ ಯುದ್ಧ! ಅಮ್ಮ ಸಂಜೆ ದೀಪ ಹಚ್ಚಿ ಇವನನ್ನ ಕೂರಿಸಿಕೊಂಡು ‘ಅ, ಆ’ ಅಂತ ಶುರು ಮಾಡ್ತಾಳೆ. ಇವನು ‘ರ, ಗ’ ಅಂತಾನೆ. ಅಕ್ಷರವನ್ನೂ ತಲೆಕೆಳಗು ಮಾಡಿಟ್ಟಿದ್ದಾರಾ ಅಂತ ಅಮ್ಮ ಶಾಲೆಗೇ ಹೊರಟಿದ್ದಳು.

ಅಕ್ಕ: ಆ ಐದು ಅಕ್ಷರ ಬಂದರೆ ಸಾಕು, ಮಗು ಸರ, ದರ, ಅರಸ, ಅಗಸ, ಗರಗಸ ಎಲ್ಲಾ ಓದುತ್ತೆ. ಬರೆಯೋಕ್ಕೂ ಸುಲಭ, ದುಂಡಗಿನ ತಿರುವು. ಐವತ್ತು ಅಕ್ಷರ ಮುಗಿಯೋವರೆಗೆ ಕಾಯೋದು ಬೇಡ. ನಿನ್ನ ಮಗಳು ಮೊದಲು ಓದಿದ ಪದ ಯಾವುದು, ನೆನಪಿದೆಯಾ?

ತಮ್ಮ: ಗರಗಸವೇ. ಬಡಗಿ ಬಂದಾಗ ಅವನ ಗರಗಸದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಳು. ಆಮೇಲೆ ಇವನಿಗೂ ಅವಳೇ ಕಲಿಸಿದ್ದು. ಅದನ್ನೇ ನಾನು ಹೇಳೋದು, ಅವಳಿದ್ದಿದ್ದಕ್ಕೆ ಇವನು ಹೋದ ವರ್ಷ ಅಷ್ಟು ಮೆಟ್ಟಿಲು ಹತ್ತಿದ. ಸಣ್ಣ ವಯಸ್ಸಿಗೆ ಸೇರಿಸಿದ್ವಿ ಬೇರೆ. ಒಂದನೇ ಕ್ಲಾಸಿಗೆ ಆರು ತುಂಬಿರಬೇಕು ಅಂತಿದ್ದದ್ದನ್ನ 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಇಳಿಸಿದ್ರಲ್ಲ. ಇವನಿಗೆ ಐದು ವರ್ಷ ಏಳು ತಿಂಗಳು. ಅಂಗನವಾಡಿ ಮುಗಿಸಿದ್ದ. ಅಕ್ಕ ಹೆಂಗೂ ಅದೇ ರೂಮಲ್ಲಿದ್ದಾಳಲ್ಲ, ನೋಡಿಕೊಳ್ತಾಳೆ ಅಂತ ಸೇರಿಸಿಬಿಟ್ವಿ.

ಅಕ್ಕ: ಹಾಗಾದರೆ ಅವಳನ್ನ ಕೇಳಿ ಸೇರಿಸಿದ್ರಾ?

ತಮ್ಮ: ಇದನ್ನೆಲ್ಲ ಮಕ್ಕಳನ್ನ ಕೇಳ್ತಾರಾ ಯಾರಾದ್ರೂ?

ಅಕ್ಕ: ಮೂರನೇ ತಟ್ಟೆಯಲ್ಲಿ ದೊಡ್ಡ ಮಗು ಸಣ್ಣ ಮಗುವಿಗೆ ಹೇಳಿಕೊಡೋದು ಒಳ್ಳೇದೇ, ನಾನು ಬೇಡ ಅನ್ನಲ್ಲ. ಹೇಳಿಕೊಡ್ತಾ ಅದರ ಕಲಿಕೆಯೂ ಗಟ್ಟಿಯಾಗುತ್ತೆ. ಆದರೆ ಯಾರು ಯಾರಿಗೆ ಹೇಳಿಕೊಡಬೇಕು ಅನ್ನೋದು ದಿನ ದಿನ ಬದಲಾಗಬೇಕು. ಅಕ್ಕ ತಮ್ಮ ಒಂದೇ ರೂಮಿಗೆ ಬಂದರೆ ಅದು ಬದಲಾಗೋದೇ ಇಲ್ಲ. ನನ್ನ ಕ್ಲಾಸಲ್ಲೂ ಅಂಥ ಜೋಡಿ ಇರ್ತಾವೆ. ಸಣ್ಣದು ತನ್ನ ಕಾರ್ಡು ಎತ್ತಿಕೊಂಡು ಸೀದಾ ದೊಡ್ಡದರ ಮಗ್ಗುಲಿಗೆ ಹೋಗಿ ಕೂರುತ್ತೆ. ದೊಡ್ಡದು ತನ್ನ ಕಾರ್ಡು ತೊಡೆ ಕೆಳಗೆ ಇಟ್ಟುಕೊಂಡು ಅದರದ್ದು ಬರೆದು ಕೊಡುತ್ತೆ. ಗಂಟೆ ಹೊಡೆಯೋ ಹೊತ್ತಿಗೆ ಸಣ್ಣದು ಒಂದು ಮೆಟ್ಟಿಲು ಮೇಲೆ, ದೊಡ್ಡದು ಇದ್ದಲ್ಲೇ. ಅದಕ್ಕೇ ನಾನು ಅವರನ್ನ ಬೇರೆ ಬೇರೆ ತಟ್ಟೆಗೆ ಹಾಕೋದು. ಮೂರು ದಿನ ಅಳ್ತಾವೆ, ಆಮೇಲೆ ಸರಿಹೋಗುತ್ತೆ. ನಿನ್ನ ಮಗಳು ಹೋದ ವರ್ಷ ಗಣಿತದಲ್ಲಿ ಏಣಿಯ ಎಷ್ಟನೇ ಮೆಟ್ಟಿಲಲ್ಲಿದ್ದಳು?

ತಮ್ಮ: ಅದು ಗೊತ್ತಿಲ್ಲ.

ಅಕ್ಕ: ಅವನದ್ದು?

ತಮ್ಮ: ಅವನದ್ದು ಗೊತ್ತು.

ಅಕ್ಕ: ಹೆಂಗೆ ಗೊತ್ತು?

ತಮ್ಮ: ಅವಳೇ ಹೇಳ್ತಿದ್ದಳು ದಿನಾ ಬಂದು.

(ಇಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಕತ್ತರಿಯ ಸದ್ದು ಮಾತ್ರ. ಅಕ್ಕನಿಗೆ ಗೆದ್ದೆ ಅನಿಸಿರಬೇಕು. ಟೀಚರುಗಳಿಗೆ ಹಾಗೆ ಅನಿಸುವುದು ಸಹಜ.)

ತಮ್ಮ: ನೀನು ದೊಡ್ಡದು ಮಾಡಬೇಡ. ಅವಳಿಗೆ ಅದು ಇಷ್ಟ. ಹುಟ್ಟಿದಾಗಿಂದ ಅವಳ ಸ್ವಭಾವವೇ ಹಂಗೆ. ಮೊದಲನೇ ಮಕ್ಕಳು ಜವಾಬ್ದಾರಿಯವರು, ಎರಡನೇದು ತರಲೆ. ಮೊನ್ನೆ ಫೋನಲ್ಲೂ ಬಂದಿತ್ತು, ವಿಜ್ಞಾನಿಗಳೇ ಹೇಳಿದ್ದಾರಂತೆ.

ಅಕ್ಕ: ಹೇಳಿದವನು ಆಡ್ಲರ್ ಅಂತ, ವಿಯೆನ್ನಾದ ಡಾಕ್ಟರು. ನೂರು ವರ್ಷದ ಹಿಂದೆ. ಟಿಸಿಎಚ್ ಟ್ರೈನಿಂಗಿನಲ್ಲಿ ನಾವು ಬಾಯಿಪಾಠ ಮಾಡಿದ್ವಿ, ಮೊದಲ ಮಗು ಸಿಂಹಾಸನ ಕಳಕೊಂಡ ರಾಜನ ಹಾಗೆ ಅಂತ. ಅವನೂ ಮನೆಯಲ್ಲಿ ಎರಡನೇ ಮಗುವೇ, ಅದನ್ನ ನೆನಪಿಟ್ಟುಕೋ. 2015ರಲ್ಲಿ ಜರ್ಮನಿಯವರು ಮೂರು ದೇಶದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ತೆಗೆದು ನೋಡಿದರೆ, ದೊಡ್ಡವರ ಗುಣ ಸಣ್ಣವರ ಗುಣ ಅಂತ ಬೇರೆ ಬೇರೆ ಏನೂ ಕಾಣಲಿಲ್ಲ. ಬುದ್ಧಿ ಪರೀಕ್ಷೆಯಲ್ಲಿ ಮೊದಲಿನವರು ಒಂದು ಕೂದಲೆಳೆ ಮುಂದೆ ಇದ್ದರು, ಅಷ್ಟೇ. ಮಗಳು ಜವಾಬ್ದಾರಿ ಇಟ್ಟುಕೊಂಡೇ ಹುಟ್ಟಿದ್ದಲ್ಲ. ನೀವು ಕೊಟ್ಟಿದ್ದು.

ತಮ್ಮ: ನಾವೇನು ಅವಳ ತಲೆ ಮೇಲೆ ಹೊರೆ ಹೊರಿಸಿದ್ದೀವಾ? ಮಾಡಿಸೋದೆಲ್ಲ ಸಣ್ಣ ಪುಟ್ಟದ್ದು.

ಅಕ್ಕ: ಸಂಜೆ ನಾಲ್ಕೂವರೆಗೆ ಮಕ್ಕಳು ಬರ್ತಾವಲ್ಲ, ನೀನು ಅವಳನ್ನ ಕೇಳೋ ಮೊದಲ ಪ್ರಶ್ನೆ ಎಂತ?

ತಮ್ಮ: ತಮ್ಮ ಊಟ ಮಾಡಿದ್ನಾ ಅಂತ.

ಅಕ್ಕ: ಎರಡನೇದು?

ತಮ್ಮ: ... ಹಾಲು ಕುಡಿದ್ನಾ, ಟೀಚರು ಬೈದ್ರಾ, ಸ್ವೆಟರ್ ಎಲ್ಲಿ ಬಿಟ್ಟ. ಸಾಕು ಬಿಡು, ಗೊತ್ತಾಯ್ತು.

ಅಕ್ಕ: ಅವಳು ಮೊಟ್ಟೆ ತಿಂದಳಾ ಅಂತ ಯಾರು ಕೇಳಿದ್ರು?

ತಮ್ಮ: ಮೊಟ್ಟೆಯ ವಿಷಯದಲ್ಲಿ ಮಾತ್ರ ನೀನು ಅವಳ ಬಗ್ಗೆ ಅಯ್ಯೋ ಪಾಪ ಅನ್ನಬೇಡ. 2024ರ ಸೆಪ್ಟೆಂಬರಿನಿಂದ ವಾರಕ್ಕೆ ಆರು ದಿನವೂ ಮೊಟ್ಟೆ ಅಂತ ಆಯ್ತಲ್ಲ, ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡಲ್ಲಿ. ಇವನಿಗೆ ಹಳದಿ ಆಗಲ್ಲ, ಬಿಳಿ ಮಾತ್ರ ಬೇಕು. ಅವಳಿಗೆ ಹಳದಿ ಪ್ರಾಣ. ಊಟದ ಸಾಲಲ್ಲಿ ಇವನು ಎದ್ದು ಓಡಿ ಹೋಗಿ ಹಳದಿ ಅವಳ ತಟ್ಟೆಗೆ ಹಾಕಿ, ಅವಳ ಬಿಳಿ ಎತ್ತಿಕೊಂಡು ಬರ್ತಾನೆ. ಮೇಲೆ ಅವಳು ಒಂದು ರಬ್ಬರೋ ಮೆಂಡರೋ ಕೇಳ್ತಾಳೆ. ಇವನ ಕಂಪಾಸ್ ಬಾಕ್ಸಿನಲ್ಲಿ ಏನೂ ಉಳಿದಿಲ್ಲ, ಅವಳದ್ದರಲ್ಲಿ ಮೂರು ಮೆಂಡರ್!

ಅಕ್ಕ: (ನಗುತ್ತಾ) ಇದು ಒಳ್ಳೆ ಸುದ್ದಿ. ಇನ್ನೂ ಪೂರ್ತಿ ಅಮ್ಮ ಆಗಿಲ್ಲ ಅವಳು.

ತಮ್ಮ: ಚಾಡಿಯೂ ಹೇಳ್ತಾಳೆ. ಇವನು ಹಾಲನ್ನ ಚರಂಡಿಗೆ ಚೆಲ್ಲಿದ್ದು, ಮಳೆಯಲ್ಲಿ ಬೇಕಂತಲೇ ಕೊಡೆ ಮಡಿಸಿದ್ದು, ಎಲ್ಲಾ ಒಪ್ಪಿಸ್ತಾಳೆ. ನೂರೈವತ್ತು ಎಂಎಲ್ ಹಾಲು, ಅದನ್ನೂ ಕುಡಿಯಕ್ಕೆ ಆಗಲ್ವಾ ಅಂತ ಇವರಮ್ಮ ಬೈಯ್ತಾಳೆ. ಇವನು ರಾತ್ರಿ ಅವಳ ಪುಸ್ತಕ ಅಡಗಿಸಿಡ್ತಾನೆ. ಅವಳು ಕೂದಲು ಹಿಡೀತಾಳೆ. ನಾನು ಎದ್ದು ಪಂಚಾಯ್ತಿ ಮಾಡಬೇಕು. ಯಾವಾಗಲೂ ‘ನೀನು ದೊಡ್ಡವಳಲ್ವಾ, ಬಿಟ್ಟುಕೊಡು’ ಅಂತ ತೀರ್ಪು.

ಅಕ್ಕ: ಯಾವಾಗಲೂ?

ತಮ್ಮ: ಮತ್ತೆಂತ ಹೇಳಲಿ? ಆರು ವರ್ಷದವನ ಹತ್ತಿರ ನ್ಯಾಯ ಮಾತಾಡಕ್ಕೆ ಆಗುತ್ತಾ?

ಅಕ್ಕ: ಒಂಬತ್ತು ತುಂಬದವಳ ಹತ್ತಿರ ಆಗುತ್ತಾ? ತೀರ್ಪು ಕೊಡಲೇಬೇಡ. ರಕ್ತ ಬಂದರೆ ಎದ್ದು ಹೋಗು, ಇಲ್ಲದಿದ್ದರೆ ಹಸು ಹಾಲು ಕರಿ. ಅರ್ಧ ಜಗಳ ನಿನ್ನ ಕೋರ್ಟು ಇದೆ ಅಂತಲೇ ನಡೆಯೋದು. ಗಿರಾಕಿ ಇಲ್ಲದಿದ್ದರೆ ಅಂಗಡಿ ಮುಚ್ಚುತ್ತೆ. ಇದು ಸಣ್ಣ ವಿಷಯ, ಬಿಡು. ನಂಗೆ ಸಂಕದ ವಿಷಯ ಕೇಳಬೇಕಿತ್ತು.

ತಮ್ಮ: ಎಂಥ ಸಂಕ?

ಅಕ್ಕ: ಹಳ್ಳದ ಕಾಲುಸಂಕ. ಈಗಲೂ ಅದರ ಮೇಲೆಯೇ ಹೋಗ್ತಾವಾ ಮಕ್ಕಳು?

ತಮ್ಮ: ಮತ್ತೆ? ರಸ್ತೆ ಸುತ್ತಿಕೊಂಡು ಹೋದರೆ ಮೂರು ಕಿಲೋಮೀಟರು. ಐದನೇ ಕ್ಲಾಸಿನವರೆಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ಕಾಯ್ದೆಯಲ್ಲಿದೆಯಂತೆ, ಇದೆ. ನಡುವೆ ಹಳ್ಳ ಇರೋದನ್ನ ಕಾಯ್ದೆ ನೋಡಿಲ್ಲ. ನಮ್ಮ ಕಾಲದ ಹಾಗೆ ಅಡಿಕೆ ಮರ ಅಲ್ಲ ಈಗ. ಸಿಮೆಂಟ್ ಕಂಬ ಹಾಕಿದ್ದಾರೆ, ಒಂದು ಬದಿಗೆ ತಂತಿ ಇದೆ ಹಿಡಿಯಕ್ಕೆ.

ಅಕ್ಕ: ಯಾರು ಯಾರನ್ನ ಹಿಡೀತಾರೆ?

ತಮ್ಮ: ಅವಳು ಒಂದು ಕೈಲಿ ತಂತಿ, ಒಂದು ಕೈಲಿ ಅವನನ್ನ.

ಅಕ್ಕ: ಕೊಡೆ?

ತಮ್ಮ: ಸಂಕ ಬಂದಾಗ ಮಡಿಸಬೇಕು ಅಂತ ಹೇಳಿಕೊಟ್ಟಿದ್ದೀನಿ. ಜೋರು ಮಳೆ ಇದ್ದರೆ ಡಿಸಿ ರಜೆ ಕೊಡ್ತಾರಲ್ಲ.

ಅಕ್ಕ: ರಜೆ ಕೊಟ್ಟಿದ್ದು ಗೊತ್ತಾಗೋ ಹೊತ್ತಿಗೆ ಮಕ್ಕಳು ಅರ್ಧ ದಾರಿಯಲ್ಲಿರ್ತಾವೆ. ನಾನೇ ಶಾಲೆಯಲ್ಲಿ ನಿಂತು ಎಷ್ಟು ಸಲ ವಾಪಸ್ ಕಳಿಸಿದ್ದೀನಿ. ಮತ್ತೆ, ಇಲ್ಲಿ ಮಳೆ ಇಲ್ಲದಿದ್ದರೂ ಮೇಲೆ ಗುಡ್ಡದಲ್ಲಿ ಹೊಯ್ದರೆ ಹಳ್ಳಕ್ಕೆ ಏಕಾಏಕಿ ನೀರು ಬರುತ್ತೆ. ನಿಂಗೆ ಗೊತ್ತಿಲ್ವಾ? ಆಗುಂಬೆ ಮಗ್ಗುಲಲ್ಲೇ ಇರೋದು. 2022ರ ಮಳೆಗಾಲದಲ್ಲಿ ಘಟ್ಟದ ಕೆಳಗೆ, ಬೈಂದೂರು ತಾಲ್ಲೂಕಿನಲ್ಲಿ, ಎರಡನೇ ಕ್ಲಾಸಿನ ಹುಡುಗಿ ಶಾಲೆ ಬಿಟ್ಟು ಬರ್ತಾ ಕಾಲುಸಂಕದಿಂದ ಜಾರಿ ಹೋಯ್ತಲ್ಲ. ನಿನ್ನ ಮಗನ ಕ್ಲಾಸು.

ತಮ್ಮ: ಅದನ್ನೆಲ್ಲ ಎತ್ತಬೇಡ ಅಕ್ಕ. ಮಕ್ಕಳಿಗೆ ಅಭ್ಯಾಸ ಆಗಿದೆ. ನಾವೂ ಹೋಗಿಲ್ವಾ? ನೀನು ಐದನೇ ಕ್ಲಾಸು, ನಾನು ಒಂದು. ಎರಡು ಅಡಿಕೆ ಮರ, ಪಾಚಿ ಕಟ್ಟಿರ್ತಿತ್ತು. ನಂಗೆ ಇಡೀ ಶಾಲೆಯಲ್ಲಿ ಇಷ್ಟ ಆಗ್ತಿದ್ದದ್ದೇ ಸಂಕ. ನೀನು ನನ್ನ ಮುಂದೆ ಬಿಟ್ಟುಕೊಂಡು ಹಿಂದಿನಿಂದ ಅಂಗಿ ಹಿಡಿದು, ಮಗ್ಗಿ ಹೇಳಿಸ್ತಾ ದಾಟಿಸ್ತಿದ್ದೆ. ಎರಡೊಂದ್ಲ ಎರಡಕ್ಕೆ ಹತ್ತಿದರೆ ಎರಡ್ಹತ್ಲ ಇಪ್ಪತ್ತಕ್ಕೆ ಆ ಕಡೆ. ಎಷ್ಟು ಚೆಂದ ಇತ್ತು.

ಅಕ್ಕ: ಮಗ್ಗಿ ಯಾಕೆ ಹೇಳಿಸ್ತಿದ್ದೆ ಅಂದ್ಕೊಂಡಿದ್ದೀಯ?

ತಮ್ಮ: ಕಲೀಲಿ ಅಂತ. ಆಗಲೇ ಟೀಚರು ನೀನು.

ಅಕ್ಕ: ನಂಗೆ ಕಾಲು ನಡುಗ್ತಿತ್ತು ಮಾರಾಯ. ನೀನು ಮಾತಾಡ್ತಾ ಇದ್ದರೆ ನಿಂಗೆ ಗೊತ್ತಾಗಲ್ಲ ಅಂತ. ಒಂದು ದಿನ ನಿನ್ನ ಚಪ್ಪಲಿ ಕಿತ್ತು ಹಳ್ಳಕ್ಕೆ ಬಿತ್ತಲ್ಲ, ನೆನಪಿದೆಯಾ?

ತಮ್ಮ: ಇದೆ, ನಾನು ಚಪ್ಪಾಳೆ ತಟ್ಟಿದ್ದೆ. ದೋಣಿ ಹೋಯ್ತು ಅಂತ.

ಅಕ್ಕ: ಅವತ್ತು ರಾತ್ರಿ ನಾನು ಹಾಸಿಗೆಯಲ್ಲಿ ಎದ್ದು ಕೂತು ನಿನ್ನ ಕಾಲು ಮುಟ್ಟಿ ನೋಡಿದೆ. ಇದೆಯಾ ಅಂತ. ಅಪ್ಪ ಬೆಳಗ್ಗೆ ಚಪ್ಪಲಿ ಕಳೆದಿದ್ದಕ್ಕೆ ನಂಗೇ ಬೈದ. ತಮ್ಮನನ್ನ ನೋಡಿಕೊಳ್ಳಕ್ಕೆ ಆಗಲ್ವಾ ಅಂತ. ಅಪ್ಪನ ಮೇಲೆ ಸಿಟ್ಟಿಲ್ಲ ಈಗ. ಗದ್ದೆ ನೆಟ್ಟಿಯ ದಿನ, ಯಾರು ಬಿಟ್ಟು ಬರ್ತಾರೆ? ಆದರೆ ಆ ಹಳ್ಳ ನಿನಗೆ ಆಟ, ನಂಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಎರಡು ಸಲದ ಭಯ. ಒಂದೇ ಸಂಕ, ಇಬ್ಬರೂ ಬೇರೆ ಬೇರೆ ದಾಟಿದ್ವಿ.

ತಮ್ಮ: ನೀನು ಯಾವತ್ತೂ ಹೇಳಲಿಲ್ಲ.

ಅಕ್ಕ: ಹೇಳಿದ್ದರೆ ಶಾಲೆ ಬಿಡಿಸ್ತಿದ್ದರು, ನಿನ್ನನ್ನಲ್ಲ, ನನ್ನನ್ನ. ನಿನ್ನ ಮಗಳು ಹೇಳ್ತಾಳೆ ಅಂದ್ಕೊಂಡಿದ್ದೀಯಾ? ಬೆಳಗ್ಗೆ ಬಂದವಳೇ ನನ್ನ ಹತ್ತಿರ ಹೇಳಿದ ಮೊದಲ ಮಾತು ಏನು ಗೊತ್ತಾ? ‘ಅತ್ತೆ, ನಾಲ್ಕನೇ ಕ್ಲಾಸಲ್ಲಿ ಕಿಟಕಿ ಪಕ್ಕ ನಂಗೇ ಅಂತ ಒಂದು ಜಾಗ ಇದೆ.’ ತಿರುಗಿ ನೋಡಲಿಲ್ಲ ಅಂತ ನೀನು ಬೇಜಾರು ಮಾಡಿಕೊಂಡೆ. ಮೂರು ವರ್ಷದಲ್ಲಿ ಮೊದಲ ಸಲ ಅವಳು ಬರೀ ತನ್ನ ಪುಸ್ತಕ ನೋಡ್ತಾ ಕೂತಿದ್ದಾಳೆ.

ತಮ್ಮ: ಹೋದ ಒಂದು ವರ್ಷ ಮಾತ್ರ ಅವನು ಅಲ್ಲಿದ್ದದ್ದು.

ಅಕ್ಕ: ಸರಿ, ಒಂದು ವರ್ಷ. ಲೆಕ್ಕದಲ್ಲಿ ನೀನು ಯಾವಾಗಲೂ ಗಟ್ಟಿ, ಮಗ್ಗಿ ನಾನೇ ಹೇಳಿಕೊಟ್ಟಿದ್ದಲ್ಲ.

ತಮ್ಮ: ಆಯ್ತು. ನಾನು ಒಪ್ತೀನಿ ಅಂತಲೇ ಇಟ್ಕೊ. ಪೂರ್ತಿ ಅಲ್ಲ. ಅಕ್ಕ ತಮ್ಮ ಕೈ ಹಿಡ್ಕೊಂಡು ಹೋಗಬಾರದು ಅಂದರೆ ಮತ್ತೆ ಒಡಹುಟ್ಟು ಅನ್ನೋದಾದರೂ ಯಾಕೆ? ನಾಳೆ ಅವನು ಅವಳ ಮನೆಗೆ ಹೋಗಿ ನಿಲ್ಲಬೇಕಲ್ಲ. ಪೇಟೆಯವರ ಹಾಗೆ ಒಬ್ಬೊಬ್ಬರಿಗೆ ಒಂದೊಂದು ರೂಮು ಕೊಟ್ಟು ಬೆಳೆಸೋದು ನಂಗೆ ಸರಿ ಕಾಣಲ್ಲ.

ಅಕ್ಕ: ಕೈ ಹಿಡ್ಕೊಂಡು ಹೋಗಲಿ, ಯಾರು ಬೇಡ ಅಂದರು? ನಾಯಿ ಬಂದರೆ ಇವನ ಮುಂದೆ ಅವಳು ನಿಲ್ಲಲಿ, ಅವಳಿಗೆ ಯಾರಾದರೂ ಬೈದರೆ ಇವನು ಕಲ್ಲು ಎತ್ತಲಿ. ಅದು ಅವರವರದ್ದು, ನೀನು ಹೇಳಿಕೊಡಬೇಕಾಗಿಲ್ಲ. ಆದರೆ ಹಳ್ಳ ದಾಟಿಸೋದು ನಿನ್ನ ಕೆಲಸ. ಟೀಚರ ಹತ್ತಿರ ಮಾತಾಡೋದು ನಿನ್ನ ಕೆಲಸ, ಅವಳ ಕೈಲಿ ಚೀಟಿ ಕೊಟ್ಟು ಕಳಿಸೋದಲ್ಲ. ಒಂದು, ಎರಡನೇ ಕ್ಲಾಸಿಗೆ ಮನೆಗೆಲಸ ಕೊಡಬಾರದು ಅಂತ ಆ 2019ರ ಸುತ್ತೋಲೆಯಲ್ಲೇ ಇದೆ. ಸಂಜೆ ಅವಳನ್ನ ಇವನ ಎದುರಿಗೆ ಟೀಚರು ಮಾಡಿ ಕೂರಿಸೋದನ್ನೂ ಬಿಡಿ.

ತಮ್ಮ: ಇವನು ಕ್ಲಾಸಲ್ಲಿ ಅಳೋದಕ್ಕೆ?

ಅಕ್ಕ: ಅಳಲಿ. ಅವನಿಗೂ ಒಳ್ಳೇದೇ ಅದು. ಹೋದ ವರ್ಷ ಹತ್ತಿದ ಮೆಟ್ಟಿಲಲ್ಲಿ ಎಷ್ಟು ಅವನದ್ದು ಅಂತ ಈಗ ಗೊತ್ತಾಗುತ್ತೆ. ಕೆಳಗೆ ಇಳಿದು ಮತ್ತೆ ಹತ್ತಬೇಕಾಗಬಹುದು, ಹತ್ತಲಿ. ಈ ವರ್ಷ ಹೊಸದಾಗಿ ಒಂದನೇ ಕ್ಲಾಸಿಗೆ ಬಂದ ಮಕ್ಕಳಿವೆಯಲ್ಲ, ಅವುಗಳ ಪಕ್ಕ ಇವನನ್ನ ಕೂರಿಸಿ ರ ಗ ಸ ದ ಹೇಳಿಸಿ ಅಂತ ಟೀಚರಿಗೆ ಹೇಳು. ತಾನೇ ದೊಡ್ಡವನು ಅಂತ ಆದ ಕೂಡಲೇ ಅಳು ನಿಲ್ಲುತ್ತೆ. ಇದು ನನ್ನ ಅನುಭವ, ಸುತ್ತೋಲೆಯಲ್ಲಿಲ್ಲ.

ತಮ್ಮ: ನಾಳೆಯೇ ಹೋಗಿ ಮಾತಾಡ್ತೀನಿ. ಸಂಕದವರೆಗೂ ಬರ್ತೀನಿ. ಜುಲೈ, ಆಗಸ್ಟ್ ಎರಡು ತಿಂಗಳು ತಪ್ಪದೆ.

ಅಕ್ಕ: ಜೂನ್?

ತಮ್ಮ: ಜೂನಲ್ಲಿ ಇನ್ನೂ ಹಳ್ಳಕ್ಕೆ ನೀರೇ ಬಂದಿರಲ್ಲ ಅಕ್ಕ.

ಅಕ್ಕ: ಚಪ್ಪಲಿ ಹೋದದ್ದು ಜೂನಲ್ಲಿ.

ತಮ್ಮ: ಏಳೂವರೆಗೆ ಡೈರಿಗೆ ಹಾಲು ಹಾಕಿ ಬಂದು, ಕೊಟ್ಟಿಗೆ ತೊಳೆದು, ಹೆಂಡತಿನ ಎಂಟೂವರೆ ಬಸ್ಸಿಗೆ ಬಿಟ್ಟು, ಆಮೇಲೆ ಸಂಕ. ಸಂಜೆ ಮತ್ತೆ ಹಾಲು ಕರೆಯೋ ಹೊತ್ತಿಗೇ ಶಾಲೆ ಬಿಡೋದು. ನೀನೇ ಹೇಳು ಹೆಂಗೆ ಅಂತ.

ಅಕ್ಕ: ಬಸ್ಸಿಗೆ ಅವಳು ನಡಕೊಂಡು ಹೋಗ್ತಾಳೆ, ಅವಳಿಗೆ ಮೂವತ್ತೈದಾಗಿದೆ. ಸಂಜೆ ಹಸು ಅರ್ಧ ಗಂಟೆ ಕಾಯುತ್ತೆ.

ತಮ್ಮ: ಸರಿ ಮಾರಾಯ್ತಿ, ಜೂನೂ ಸೇರಿಸ್ಕೊ. ಶನಿವಾರ ಒಂದು ಬಿಡ್ತೀಯಾ?

ಅಕ್ಕ: ಶನಿವಾರ ಬೆಳಗಿನ ಶಾಲೆ. ಇನ್ನೂ ಬೇಗ ಏಳಬೇಕು.